ದೇವಣಿ ದಾರಿಯಲ್ಲಿ ಹಿಂದಿರುಗಿದ ಸಾಲು

ಗಂಡನ ಹೆಸರನ್ನು ಹೆಂಡತಿ ಬಾಯಿಂದ ಹೇಳುವ ರೂಢಿ ನಮ್ಮಲ್ಲಿ ಇಲ್ಲ. ಅವರು ಬದುಕಿರುವ ತನಕ ನಾನೂ ಹೇಳಲಿಲ್ಲ. ಈಗ ಉಮರ್ಗಾದ ಶಾಲೆಯವರು ಆ ಹೆಸರನ್ನು ಹಿತ್ತಾಳೆಯ ಢಾಲಿನ, ಬಹುಮಾನದ ಗುರಾಣಿಯ, ಮೇಲೆ ಕೊರೆಸಿ ಆಫೀಸಿನ ಗೋಡೆಗೆ ಹೊಡೆದಿದ್ದಾರೆ. ಹೋಗುವವರು ಬರುವವರು ಎಲ್ಲರೂ ಓದುತ್ತಾರೆ. ಹಾಗಾದರೆ ನಾನೂ ಬರೆಯುತ್ತೇನೆ. ನನ್ನ ಗಂಡನ ಹೆಸರು ಮನ್ಮಥಪ್ಪ. ಡ್ರಿಲ್ ಮಾಸ್ತರ ಮನ್ಮಥಪ್ಪ.

ಹೆಸರಿನ ಕೆಳಗೆ ಮರಾಠಿಯಲ್ಲಿ 'ಶಿಸ್ತಿಗಾಗಿ' ಎಂದು ಬರೆಸಿದ್ದಾರೆ. ಇನ್ನು ಮೇಲೆ ಪ್ರತಿ ವರ್ಷ ಶಾಲೆಯ ಮಕ್ಕಳು ಡೇರೆ ಹಾಕಲು ಹೋದಾಗ ಯಾವ ತುಕಡಿ ಪರರ ಅನ್ನ ಮುಟ್ಟುವುದಿಲ್ಲವೋ ಆ ತುಕಡಿಗೆ ಈ ಢಾಲು ಕೊಡುತ್ತಾರಂತೆ. ಪರರ ಅನ್ನ ಮುಟ್ಟದವರಿಗೆ ಮನ್ಮಥಪ್ಪನ ಹೆಸರಿನ ಢಾಲು! ಇದನ್ನು ಕೇಳಿ ನನ್ನ ಹೊಟ್ಟೆ ಉರಿಯುತ್ತದೆ. ಅದಕ್ಕೇ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ.

ಅವರು ಸಾಸ್ತೂರದವರು. ಒಕ್ಕಲುತನದ ಮನೆ. ಅಣ್ಣಂದಿರು ಹೊಲ ನೋಡಿಕೊಂಡರು, ಇವರನ್ನು ಉದಗೀರದ ಉರ್ದು ಶಾಲೆಗೆ ಹಾಕಿದರು. ಓದಿಗಿಂತ ನಡೆಯುವುದರಲ್ಲಿ ಹೆಚ್ಚು ಮನಸ್ಸು. ರಜೆಗೆ ಸಾಸ್ತೂರಕ್ಕೆ ನಡೆದೇ ಬರುತ್ತಿದ್ದರು, ಗಾಡಿ ಇದ್ದರೂ ಹತ್ತುತ್ತಿರಲಿಲ್ಲ. ರಜಾಕಾರರ ಕಾಲದಲ್ಲಿ ಊರೂರು ಖಾಲಿಯಾದಾಗ ಇವರೂ ಸೋಲಾಪುರದ ಕಡೆ ಓಡಿದರು. ಅಲ್ಲಿ ಗಡಿಯ ಶಿಬಿರದಲ್ಲಿ ಇದ್ದಾಗಲೇ ಡ್ರಿಲ್ ಕಲಿತದ್ದು. ಓಡುವಾಗ ಯಾರ ಯಾರ ಬಾಗಿಲಲ್ಲಿ ರೊಟ್ಟಿ ತಿಂದರೋ ಅವರಿಗೇ ಲೆಕ್ಕವಿಲ್ಲ. ಇವರು ಜಾತಿ ಕೇಳಲಿಲ್ಲ, ರೊಟ್ಟಿ ಕೊಟ್ಟವರೂ ಕೇಳಲಿಲ್ಲ. ಮದುವೆಯಾದ ಹೊಸದರಲ್ಲಿ ನಾನು ರೊಟ್ಟಿ ಬಡಿಯುವಾಗ ಒಲೆಯ ಮುಂದೆ ಕುಳಿತು ಅದನ್ನೇ ಹೇಳುತ್ತಿದ್ದರು.

"ಒಬ್ಬಾಕಿ ಮುದಕಿ ಇದ್ದಳು. ತನ್ನ ಪಾಲಿನ ರೊಟ್ಟಿ ನನಗ ಕೊಟ್ಟು, ನನಗ ಹಸಿವಿ ಇಲ್ಲಪ್ಪ ಅಂದಳು. ಸುಳ್ಳ ಹೇಳ್ತಾಳ ಅಂತ ಗೊತ್ತಿತ್ತು. ಗೊತ್ತಿದ್ದೂ ತಿಂದೆ."

ಪೊಲೀಸ್ ಆಕ್ಷನ್ ಆದ ಮೇಲೆ ನಿಲಂಗಾದ ಶಾಲೆಯಲ್ಲಿ ಡ್ರಿಲ್ ಮಾಸ್ತರ ಕೆಲಸ ಸಿಕ್ಕಿತು. ಖಾಕಿ ಚಡ್ಡಿ, ಕೊರಳಲ್ಲಿ ಸೀಟಿ. ಹುಡುಗರನ್ನು ಹೊಡೆಯುತ್ತಿರಲಿಲ್ಲ. ಸೀಟಿ ಊದಿದರೆ ಸಾಕು, ಸಂತೆಯ ಗದ್ದಲದಲ್ಲಿದ್ದ ಹುಡುಗನೂ ನೆಟ್ಟಗೆ ನಿಲ್ಲುತ್ತಿದ್ದ.

ನಾಲ್ಕಾರು ವರ್ಷ ಹೀಗೇ ಹೋಯಿತು. ಆಮೇಲೆ ಔರಂಗಾಬಾದ ಕಡೆಯಿಂದ ಹೊಸ ಹೆಡ್‌ಮಾಸ್ತರ ಬಂದರು. ಅವರ ಹೆಸರು ಬರೆಯುವುದಿಲ್ಲ. ನನ್ನ ಗಂಡನ ಹೆಸರು ಬರೆದ ಜಾಗದಲ್ಲಿ ಆ ಹೆಸರು ಬೇಡ. ಮಕ್ಕಳು ನಿಲಂಗಾದಿಂದ ಉದಗೀರ ಕಿಲ್ಲೆಯ ತನಕ ನಡೆದು ಹೋಗಬೇಕು, ದಾರಿಯಲ್ಲಿ ಡೇರೆ ಹಾಕಿ ಇರಬೇಕು, ತಮ್ಮ ಅಡುಗೆ ತಾವೇ ಮಾಡಿಕೊಳ್ಳಬೇಕು ಎಂದು ಅವರೇ ಯೋಚನೆ ತೆಗೆದರು. ಅದನ್ನು ನೋಡಲು ಮೇಲಿನ ಸಾಹೇಬರನ್ನೂ ಕರೆಸಿದರು.

ಇವರಿಗೆ ಹಬ್ಬವೇ ಬಂದಂತಾಯಿತು. ನಮ್ಮ ಬಾವಿಯ ಹಗ್ಗ ಒಯ್ದು ಮಕ್ಕಳಿಗೆ ಗಂಟು ಹಾಕುವುದನ್ನು ಕಲಿಸಿದರು. ನಾನು ನೀರಿಗೆ ಹೋದರೆ ಹಗ್ಗದ ತುಂಬ ಗಂಟು.

"ನೀರ ಹ್ಯಾಂಗ ಸೇದಬೇಕ್ರಿ?" ಎಂದೆ.

"ಒಂದೊಂದ ಗಂಟ ಬಿಚ್ಚಿ ನೋಡು. ಎಳದ್ರ ತಾನಾಗೇ ಬಿಚ್ಚತದ. ಇಲ್ಲಂದ್ರ ಆ ಹುಡುಗ ನಾಪಾಸ್," ಎಂದು ನಕ್ಕರು.

ಹೆಡ್‌ಮಾಸ್ತರ ದಿನ ಗೊತ್ತು ಮಾಡಿದ್ದು ಎಳ್ಳ ಅಮಾವಾಸ್ಯೆಗೆ. ಇವರು ಹೋಗಿ, ಆ ದಿನ ಬೇಡ ಎಂದರು. ರಜೆ ಇದೆ, ಪಾಠ ಕೆಡುವುದಿಲ್ಲ, ಒಳ್ಳೆಯದೇ ಆಯಿತು ಎಂದರಂತೆ ಹೆಡ್‌ಮಾಸ್ತರ. ನಮ್ಮ ಸೀಮೆ ಗೊತ್ತಿದ್ದವರು ಯಾರೂ ಹಾಗೆ ಹೇಳುವುದಿಲ್ಲ. ಆ ದಿನ ನಮ್ಮಲ್ಲಿ ಊರಲ್ಲಿ ನಾಯಿ ಕೂಡ ಇರುವುದಿಲ್ಲ, ಎಲ್ಲರೂ ಹೊಲದಲ್ಲಿ. ಜೋಳದ ದಂಟಿನಿಂದ ಕೊಂಪಿ ಕಟ್ಟಿ, ಒಳಗೆ ಪಾಂಡವರೆಂದು ಐದು ಕಲ್ಲಿಗೆ ಸುಣ್ಣ ಹಚ್ಚಿ ಪೂಜೆ ಮಾಡುತ್ತೇವೆ. ಹಸಿ ಕಡಲೆ, ತೊಗರಿ, ಅವರೆ, ಮೆಂತ್ಯ ಎಲ್ಲ ಕೂಡಿಸಿ ಹುಳಿ ಬಿಟ್ಟು ಕುದಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಗಡಿಗೆಯಲ್ಲಿ ಹುಳಿ ಅಂಬಲಿ. ಪೂಜೆ ಆದ ಮೇಲೆ ದಾರಿಗೆ ಬಂದು ನಿಲ್ಲುತ್ತೇವೆ. ದಾರಿಯಲ್ಲಿ ಹೋಗುವವನು ಯಾರೇ ಇರಲಿ, ಕರೆದು ಉಣಿಸಬೇಕು. ಮಾತು ಬಿಟ್ಟ ದಾಯಾದಿಯೂ ಅಂದು ಕರೆದರೆ ಬರುತ್ತಾನೆ. ಹೊಲದ ಮಗ್ಗುಲಿಂದ ಒಬ್ಬ ಉಣ್ಣದೆ ಹೋದರೆ ಭೂಮಿಗೆ ಬೆನ್ನು ತೋರಿಸಿ ಹೋದ ಹಾಗೆ. ಸೂರ್ಯ ಮುಳುಗುವ ಹೊತ್ತಿಗೆ ಹುಲ್ಲಿನ ದೀವಟಿಗೆ ಹಚ್ಚಿಕೊಂಡು ಹೊಲದ ಸುತ್ತ ಓಡಿ, ಅಂಬಲಿ ಗಡಿಗೆ ಹೊತ್ತು ಮನೆಗೆ ಬರುತ್ತೇವೆ.

ಮತ್ತೆ ನನ್ನ ತವರಿನ ಹೊಲ ಇರುವುದೇ ದೇವಣಿ ದಾರಿಗೆ. ಉದಗೀರಕ್ಕೆ ಹೋಗುವ ಸಾಲು ಅದರ ಬದುವಿನ ಪಕ್ಕದಲ್ಲೇ ಹೋಗಬೇಕು.

ನಾನು ಮೊದಲೇ ತವರಿಗೆ ಹೋಗಿದ್ದೆ. ಅಳಿಯ ಶಾಲೆಯ ಮಕ್ಕಳನ್ನು ಕರೆದುಕೊಂಡು ಇದೇ ದಾರಿಯಿಂದ ಬರುತ್ತಾನೆ ಎಂದು ಕೇಳಿ ನನ್ನ ಅಪ್ಪ ವಿಶ್ವನಾಥಪ್ಪ ಆ ವರ್ಷ ಕೊಂಪಿಯನ್ನು ಹೊಲದ ನಡುವೆ ಹಾಕದೆ ದಾರಿಯ ಬದಿಗೇ ಹಾಕಿಸಿದ. ಭಜ್ಜಿಗೆ ಮದುವೆಯ ಹಂಡೆ ತಂದ. ನಾನು, ನನ್ನ ತಮ್ಮನ ಹೆಂಡತಿ ಕಸ್ತೂರಬಾಯಿ ಇಬ್ಬರೂ ಕೈ ಸೋಲುವ ತನಕ ರೊಟ್ಟಿ ಬಡಿದೆವು. ಕಸ್ತೂರಬಾಯಿಯ ಬಾಯಿಗೆ ಮಾತ್ರ ದಣಿವಿಲ್ಲ.

"ಪ್ರಯಾಗಕ್ಕಾ, ನಿನ್ನ ಗಂಡ ಒಬ್ಬಂವ ಬಂದ್ರ ನಾಕ ರೊಟ್ಟಿ. ಪಲ್ಟನ್ ತಂದ್ರ ನಮ್ಮ ರಟ್ಟಿ ಹೋಗತಾವ ನೋಡು."

"ನಿನ್ನ ಬಾಯಿ ಹೋಗಲ್ಲಲ್ಲ, ಬಡಿ," ಎಂದೆ.

ಹೊತ್ತು ನೆತ್ತಿಗೆ ಬಂದಾಗ ಸಾಲು ಕಂಡಿತು. ಇಬ್ಬಿಬ್ಬರಾಗಿ ಮಕ್ಕಳು, ಬೆನ್ನಿಗೆ ಗಂಟು, ಮುಖದ ತುಂಬ ಧೂಳು. ಮುಂದೆ ಇವರು. ಹಿಂದೆ ಟಾಂಗಾದಲ್ಲಿ ಹೆಡ್‌ಮಾಸ್ತರ ಮತ್ತು ಸಾಹೇಬ. ಅಪ್ಪ ತಲೆಗೆ ಪಟಗಾ ಸರಿಯಾಗಿ ಸುತ್ತಿಕೊಂಡು ದಾರಿಯ ನಡುವೆ ನಿಂತು ಕೈ ಮುಗಿದ.

"ಬರ್ರಿ ಅಳಿಯಂದ್ರ. ಬರ್ರೆಪ್ಪ ಮಕ್ಕಳ್ರ್ಯಾ, ಕೈಕಾಲ ತೊಳಕೊಳ್ರಿ. ಎಲ್ಲಾ ತಯಾರ ಅದ."

ಮಕ್ಕಳ ಸಾಲು ಹಂಡೆಯ ವಾಸನೆಗೆ ತಾನಾಗಿಯೇ ನಿಂತಿತು. ಇವರು ತಲೆ ತಗ್ಗಿಸಿದರು.

"ಮಾಂವಾರಿ, ಇವತ್ತ ನಡೀದಿಲ್ರಿ. ಹುಕುಂ ಅದ. ಹುಡುಗೂರು ಯಾರದೂ ಉಣ್ಣಬಾರದು. ನಾ ಮಾತ ಕೊಟ್ಟೀನಿ."

"ಎಳ್ಳ ಅಮಾಸಿ ದಿನ ಎಂಥಾ ಹುಕುಂ ರೀ?"

ಅಷ್ಟರಲ್ಲಿ ಟಾಂಗಾ ಬಂತು. ಹೆಡ್‌ಮಾಸ್ತರ ಕೆಳಗೆ ಇಳಿಯಲೂ ಇಲ್ಲ. ಕುಳಿತಲ್ಲಿಂದಲೇ, ಅಪ್ಪನಿಗೆ ತಿಳಿಯಲಿ ಎಂದು ಮರಾಠಿ ಬಿಟ್ಟು ತನ್ನ ಅರೆಬರೆ ಕನ್ನಡದಲ್ಲಿ ಹೇಳಿದರು. "ಬಾಬಾ, ಇದು ಪರೀಕ್ಷಾ. ಭಿಕ್ಷಾ ತಿಂದ್ರ ಪೋರ ಕೆಡತಾವ."

ಭಿಕ್ಷೆ. ನಮ್ಮ ಹೊಲದ ಅನ್ನವನ್ನು, ನನ್ನ ಅಪ್ಪ ದಾರಿಯಲ್ಲಿ ನಿಂತು ಕೈ ಮುಗಿದು ಕರೆದ ಅನ್ನವನ್ನು, ಆ ಮನುಷ್ಯ ಭಿಕ್ಷೆ ಎಂದರು. ಇಷ್ಟು ವರ್ಷವಾದರೂ ಆ ಮಾತು ನನ್ನ ಕಿವಿಯಿಂದ ಹೋಗಿಲ್ಲ.

ಅಪ್ಪ ಸಿಟ್ಟು ಮಾಡಲಿಲ್ಲ. "ಸಾಹೇಬ್ರ, ಭಿಕ್ಷಾ ಬೇಡಾಂವ ಮಂದಿ ಬಾಗಿಲಿಗಿ ಬರ್ತಾನ. ಇಲ್ಲಿ ನಾ ಬಂದು ನಿಮ್ಮ ದಾರಿಯಾಗ ನಿಂತೀನಿ. ಬೇಡಾಂವ ನಾ ಇದ್ದೀನಿ. ಉಣ್ರಿ ಅಂತ ಬೇಡಲಾಕತ್ತೀನಿ," ಎಂದ.

ಹೆಡ್‌ಮಾಸ್ತರ ಇವರ ಕಡೆ ನೋಡಿ ಕೈ ಬೀಸಿದರು. ನಾನು ಕೊಂಪಿಯ ಬಾಗಿಲಲ್ಲಿ ಸೆರಗು ಹಿಡಿದು ನಿಂತಿದ್ದೆ. ಇವರು ನನ್ನ ಕಡೆ ನೋಡಲಿಲ್ಲ. ಸೀಟಿ ಊದಿದರು. ಸಾಲು ಮುಂದೆ ಹೋಯಿತು. ಕೊನೆಯಲ್ಲಿದ್ದ ಹುಡುಗ ನಾಗನಾಥ ತಿರುವಿನ ತನಕ ಕುತ್ತಿಗೆ ತಿರುಗಿಸಿ ಹಂಡೆಯನ್ನೇ ನೋಡುತ್ತ ಹೋದ.

"ಸೀಟಿ ಊದಿ ಹೋದನಲ್ಲ ಪ್ರಯಾಗಕ್ಕಾ! ಹೆಣ್ಣ ಕೊಟ್ಟ ಮನಿ ಮುಂದ ಸೀಟಿ ಊದಿ ಹೋದ!" ಎಂದಳು ಕಸ್ತೂರಬಾಯಿ.

ಅಪ್ಪ ಬಂದು ಹಂಡೆಯ ಮೇಲೆ ಮುಚ್ಚಳ ಇಟ್ಟ. ಕರೆದವರು ಉಣ್ಣದೆ ನಾನು ಉಣ್ಣುವುದಿಲ್ಲ ಎಂದು ಬದುವಿನ ಮೇಲೆ ಕುಳಿತ. ಹಿರಿಯ ಉಣ್ಣದಿದ್ದರೆ ನಾವು ಹೇಗೆ ಉಣ್ಣುವುದು? ಸುತ್ತಲ ಹೊಲಗಳಲ್ಲಿ ನಗೆ, ಮಕ್ಕಳ ಕೂಗು. ನಮ್ಮ ಕೊಂಪಿ ಹೆಣ ಇಟ್ಟ ಮನೆಯ ಹಾಗೆ.

ಆಮೇಲೆ ಡೇರೆಯ ಜಾಗದಲ್ಲಿ ಏನಾಯಿತು ಎಂದು ಇವರು ಹೇಳಿದರು. ನಾಗನಾಥನೂ ಹೇಳಿದ. ಇಬ್ಬರ ಮಾತೂ ಒಂದೇ.

ನಮ್ಮ ಹೊಲದಿಂದ ಹರದಾರಿ ದೂರದಲ್ಲಿ ಹಳ್ಳದ ದಂಡೆಯ ಮಾವಿನ ತೋಪಿನಲ್ಲಿ ಡೇರೆ ಹಾಕಿದರು. ಮಕ್ಕಳು ಕಲ್ಲು ಹೂಡಿ ಒಲೆ ಮಾಡಿದರು. ಚೀಲ ಬಿಚ್ಚಿದರೆ ಹಿಟ್ಟಿಗೆಲ್ಲ ಘಾಸಲೇಟ್ ಎಣ್ಣೆಯ ನಾತ. ಸಾಮಾನು ಹೇರಿ ಮೊದಲೇ ಕಳಿಸಿದ ಗಾಡಿಯಲ್ಲಿ ಹಿಟ್ಟಿನ ಚೀಲದ ಮೇಲೆಯೇ ಕಂದೀಲಿನ ಎಣ್ಣೆಯ ಡಬ್ಬಿ ಇಡಿಸಿದ್ದರು ಹೆಡ್‌ಮಾಸ್ತರ. ಇವರು ಬೇಡ ಎಂದಿದ್ದರು, ಕೇಳಿರಲಿಲ್ಲ. ಆದರೂ ಮಕ್ಕಳು ರೊಟ್ಟಿ ಮಾಡಿದರು. ಬಾಯಿಗಿಟ್ಟವರು ಉಗುಳಿದರು. ಒಬ್ಬ ವಾಂತಿ ಮಾಡಿಕೊಂಡ.

"ತಾಳಬೇಕು. ತಾಳೋದು ಕಲೀಲಿಕ್ಕೇ ಬಂದೀರಿ," ಎಂದು ಹೇಳಿ ಹೆಡ್‌ಮಾಸ್ತರ ಸಾಹೇಬರನ್ನು ಟಾಂಗಾದಲ್ಲಿ ಕೂಡಿಸಿಕೊಂಡು ಹೊರಟರು. ಎಲ್ಲಿಗೆ? ಅಲ್ಲೇ ಹಳ್ಳದ ಆಚೆ ಊರಿನ ಪಾಟೀಲರ ಹೊಲಕ್ಕೆ. ಪಾಟೀಲರ ಕೊಂಪಿಗೆ. ಎಳ್ಳ ಅಮಾವಾಸ್ಯೆ ಉಣ್ಣಲಿಕ್ಕೆ!

ಹೊಟ್ಟೆ ತುಂಬಿಕೊಂಡು ಬಂದರು. ಸಾಹೇಬರ ಬಿಳಿ ಕೋಟಿನ ಮೇಲೆ ಭಜ್ಜಿಯ ಹಳದಿ ಕಲೆ. ಹೆಡ್‌ಮಾಸ್ತರ ತೇಗುತ್ತ ಬಂದು ಮಾವಿನ ನೆರಳಲ್ಲಿ ಕಾಲು ಚಾಚಿದರು. ಮಕ್ಕಳೆಲ್ಲ ನೋಡಿದರು. ನಾಗನಾಥ ಮಾತ್ರ ಇವರ ಹತ್ತಿರ ಹೋಗಿ ಕೇಳಿದ.

"ಗುರುಜಿ, ಅವರದು ಭಿಕ್ಷಾ ಅಲ್ಲೇನ್ರಿ?"

ಇವರು ಆ ಹುಡುಗನ ಮುಖ ನೋಡಿದರಂತೆ. ಬೂಟಿನ ದಾರ ಬಿಗಿದು ಕಟ್ಟಿಕೊಂಡರಂತೆ. ಎದ್ದು ನಿಂತು ಸೀಟಿ ಊದಿದರು. ಮಕ್ಕಳು ಓಡಿ ಬಂದು ಸಾಲಾಗಿ ನಿಂತರು.

"ತಾಟ ತಕ್ಕೊಳ್ರಿ. ಎಲ್ಲಾರೂ. ಹಿಂದ ತಿರುಗ್! ಮುಂದ ನಡಿ!"

ಹೆಡ್‌ಮಾಸ್ತರ ಎದ್ದು ಕುಳಿತು ಕೂಗಿದರು. "ಮನ್ಮಥಪ್ಪ, ಕೋಠೆ? ಎಲ್ಲಿ ಹೊಂಟ್ಯಾರ ಪೋರ?"

"ಪರೀಕ್ಷಾಕ್ರಿ. ಮಧ್ಯಾಹ್ನ ನಾಪಾಸ್ ಆಗ್ಯಾರ. ಮತ್ತೊಮ್ಮಿ ಕೂಡಸ್ತೀನಿ," ಎಂದರಂತೆ ಇವರು. ನಿಲ್ಲಲಿಲ್ಲ.

ಇಲ್ಲಿ ನಮ್ಮ ಹೊಲದಲ್ಲಿ ಹೊತ್ತು ಇಳಿದಿತ್ತು. ತಮ್ಮ ಕಲ್ಯಾಣಪ್ಪ ದೀವಟಿಗೆಗೆ ಹುಲ್ಲು ಕಟ್ಟುತ್ತಿದ್ದ. "ಅಪ್ಪಾ, ಸೂರ್ಯ ಹೊಂಟಾನ. ಗಡಿಗಿ ಎತ್ತರಿ," ಎಂದ. ಅಪ್ಪ ಕದಲಲಿಲ್ಲ. ಸೂರ್ಯ ಮುಳುಗಿದ ಮೇಲೆ ಉಣಿಸಿದರೆ ಅದು ಹಬ್ಬದ ಊಟ ಅಲ್ಲ. ಗಡಿಗೆ ಎತ್ತಿದರೆ ಆ ವರ್ಷದ ಕರೆ ಖಾಲಿ ಹೋದ ಹಾಗೆ. ಅಪ್ಪ ಸೂರ್ಯನನ್ನು ನೋಡುತ್ತಿದ್ದ, ದಾರಿ ನೋಡುತ್ತಿದ್ದ.

ಆಗ ತಿರುವಿನಲ್ಲಿ ಸೀಟಿ ಕೇಳಿಸಿತು.

ಸಾಲು ಬಂತು. ಇಬ್ಬಿಬ್ಬರಾಗಿ, ಹೆಜ್ಜೆಗೆ ಹೆಜ್ಜೆ ಕೂಡಿಸಿ, ಕೈಯಲ್ಲಿ ತಾಟು ಹಿಡಿದುಕೊಂಡು. ಇವರು ಕೊಂಪಿಯ ಮುಂದೆ ಸಾಲು ನಿಲ್ಲಿಸಿದರು. ಬೂಟು ಬಿಚ್ಚಿ ಹೊಲದೊಳಗೆ ಬಂದು ಅಪ್ಪನ ಕಾಲು ಮುಟ್ಟಿದರು.

"ಮಾಂವಾರಿ, ಭಿಕ್ಷಾ ಬೇಡಲಾಕ ಬಂದೀವ್ರಿ."

"ಬೇಡಬ್ಯಾಡ್ರಿ ಅಳಿಯಂದ್ರ, ಕೂಡ್ರಿ," ಎಂದ ಅಪ್ಪ. ಹಂಡೆಯ ಮುಚ್ಚಳ ತಾನೇ ತೆಗೆದ.

ಮಕ್ಕಳು ಹೊಲದ ಮಣ್ಣಿನಲ್ಲಿಯೇ ಕುಳಿತರು. ಕಸ್ತೂರಬಾಯಿ ಸೌಟು ಹಿಡಿದು, "ಈಗ ಊದ್ರಿ ನಿಮ್ಮ ಸೀಟಿ! ನೀವ ಊದ್ರಿ, ನಾ ಬಡಸ್ತೀನಿ. ನೋಡಮ ಯಾರ ಸೋಲ್ತಾರ," ಎಂದಳು. ಇವರು ನಿಜವಾಗಿಯೂ ಊದಿದರು. ಮಕ್ಕಳು ನಕ್ಕು ನಕ್ಕು ಅಂಬಲಿ ಮೂಗಿಗೆ ಏರಿಸಿಕೊಂಡರು. ಸುತ್ತಲ ಹೊಲದವರು ಕೇಳಿ ತಮ್ಮ ತಮ್ಮ ಗಡಿಗೆ ಹೊತ್ತು ತಂದರು. ಮಧ್ಯಾಹ್ನ ನಮ್ಮನ್ನು ನೋಡಿ ನಕ್ಕವರೂ ಬಂದರು. ಕೊನೆಯ ಹುಡುಗ ಉಣ್ಣುವ ತನಕ ಇವರು ಕೂಡಲಿಲ್ಲ. ಆಮೇಲೆ ಅಪ್ಪ, ಅಳಿಯ ಇಬ್ಬರೂ ಹಂಡೆಯ ತಳ ಕೆರೆದು ಒಂದೇ ತಾಟಿನಲ್ಲಿ ಉಂಡರು. ಆಕಾಶದ ಅಂಚಿನಲ್ಲಿ ಇನ್ನೂ ಸೂರ್ಯ ಇದ್ದ.

ದೀವಟಿಗೆ ಹಚ್ಚಿದಾಗ ಆ ಮಕ್ಕಳೂ ನಮ್ಮ ಮಕ್ಕಳ ಜೊತೆ "ಓಲಗ್ಯಾ ಓಲಗ್ಯಾ" ಎಂದು ಕೂಗುತ್ತ ಹೊಲದ ಸುತ್ತ ಓಡಿದರು. ಆಮೇಲೆ ಇವರು ಸಾಲು ಕಟ್ಟಿಕೊಂಡು ಡೇರೆಗೆ ಹೋದರು. ಒಬ್ಬ ಹುಡುಗನೂ ತಪ್ಪಲಿಲ್ಲ, ಒಬ್ಬನ ತಾಟೂ ಕಳೆಯಲಿಲ್ಲ. ಶಿಸ್ತು ಬೇಕಾದರೆ ಅದು ಶಿಸ್ತು.

ಮರುದಿನ ಹೆಡ್‌ಮಾಸ್ತರ ಡೇರೆ ಕೀಳಿಸಿದರು. ಉದಗೀರ ಕಿಲ್ಲೆ ಇಲ್ಲ, ಏನೂ ಇಲ್ಲ, ನಿಮ್ಮ ಮಾಸ್ತರನಿಂದ ನಿಮಗೆ ಈ ಗತಿ ಎಂದು ಮಕ್ಕಳಿಗೆ ಹೇಳಿ ನಿಲಂಗಾಕ್ಕೆ ತಿರುಗಿಸಿದರು. ಆ ಮಕ್ಕಳಿಗೆ ಕಿಲ್ಲೆಯ ಗೋಡೆಯೂ ಕಾಣಲಿಲ್ಲ. ನಾನೇ ಕರೆದುಕೊಂಡು ಹೋಗಿ ತೋರಿಸಿ ಬರುತ್ತೇನೆ ಎಂದು ಇವರು ಕೇಳಿದರು. ಬಿಡಲಿಲ್ಲ.

ಸೀಟಿ ಕಸಿದುಕೊಂಡರು. ಡ್ರಿಲ್ ತೆಗೆದರು. ಅಕ್ಷರ ಕಲಿಯುವ ಸಣ್ಣ ಮಕ್ಕಳನ್ನು ಕೊಟ್ಟು ಶಾಲೆಯ ಹಿಂದಿನ ದನದ ಕೊಟ್ಟಿಗೆಯಲ್ಲಿ ಕೂಡಿಸಿದರು. ಆಮೇಲೆ ಉಮರ್ಗಾಕ್ಕೆ ಬದಲಿ ಮಾಡಿದರು. ಅಲ್ಲಿಗೂ ಮಾತು ಹೋಗಿತ್ತು, ಹುಕುಂ ಕೇಳದ ಮನುಷ್ಯ ಎಂದು. ಪ್ರತಿ ವರ್ಷ ಮಕ್ಕಳು ಡೇರೆಗೆ ಹೊರಟಾಗ ಇವರ ಕೆಲಸ ಗೇಟು ಮುಚ್ಚುವುದು. ಗೇಟು ಮುಚ್ಚಿ, ಸಾಲು ಕಣ್ಣಿಗೆ ಮರೆಯಾಗುವ ತನಕ ಸರಳು ಹಿಡಿದು ನಿಲ್ಲುತ್ತಿದ್ದರು. ನಡೆಯುವುದೇ ಪ್ರಾಣವಾಗಿದ್ದ ಮನುಷ್ಯನನ್ನು ಗೇಟಿನ ಒಳಗೆ ನಿಲ್ಲಿಸಿದರು.

ನನಗೆ ತಡೆಯಲಾಗುತ್ತಿರಲಿಲ್ಲ. "ನೀವು ಬಾಯಿ ಯಾಕ ಬಿಡಂಗಿಲ್ರಿ? ಅವರ ಉಂಡಿದ್ದು ಹೇಳ್ರಿ ನಾಕ ಮಂದ್ಯಾಗ," ಎನ್ನುತ್ತಿದ್ದೆ.

"ಹುಡುಗೂರು ಉಂಡಾರಲ್ಲ. ಬಿಡ," ಎನ್ನುತ್ತಿದ್ದರು.

ಅವರು ಬಿಟ್ಟರು. ನಾನು ಬಿಡುವುದಿಲ್ಲ.

ಹೋದ ಶ್ರಾವಣದಲ್ಲಿ ಜ್ವರ ಹತ್ತಿ ಹೋದರು. ಸಾಸ್ತೂರದ ಹೊಲದಲ್ಲಿ ಕೂಡಿಸಿ ಮಣ್ಣು ಕೊಟ್ಟೆವು. ಶಾಲೆಯವರು ಶೋಕಸಭೆ ಇಟ್ಟು ನನ್ನನ್ನು ಕರೆದರು. ಹೋದೆ. ನೋಡಿದರೆ ಕುರ್ಚಿಯಲ್ಲಿ ಅದೇ ಹೆಡ್‌ಮಾಸ್ತರ. ಈಗ ಹೆಡ್‌ಮಾಸ್ತರ ಅಲ್ಲ, ಶಾಲೆಗಳನ್ನು ತಪಾಸಣೆ ಮಾಡುವ ದೊಡ್ಡ ಸಾಹೇಬ. ಎದ್ದು ನಿಂತು ಕಣ್ಣು ಒರೆಸಿಕೊಂಡು ಹೇಳಿದರು. ಎಳ್ಳ ಅಮಾವಾಸ್ಯೆಯ ದಿನ ಮನ್ಮಥಪ್ಪ ತನ್ನ ಸ್ವಂತ ಮಾವನ ಹೊಲದ ಮುಂದಿನಿಂದ ಹಸಿದುಕೊಂಡು ನಡೆದು ಹೋದ, ಒಬ್ಬ ಹುಡುಗನನ್ನೂ ಸಾಲು ಬಿಡಲು ಬಿಡಲಿಲ್ಲ, ಇಂಥ ಶಿಸ್ತು ಈಗ ಎಲ್ಲಿದೆ ಎಂದರು. ಅವನ ಹೆಸರಿನಲ್ಲಿ ಢಾಲು ಮಾಡಿಸುತ್ತೇವೆ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಅಲ್ಲಿಗೇ ನಿಲ್ಲಿಸಿದರು. ಮಧ್ಯಾಹ್ನಕ್ಕೇ ನಿಲ್ಲಿಸಿದರು.

ಹೆಂಗಸರ ಕಡೆ ಕುಳಿತಿದ್ದ ನಾನು ಎದ್ದೆ. ಗಂಡ ಸತ್ತವಳು ಸಭೆಯಲ್ಲಿ ಎದ್ದು ಮಾತಾಡುವುದು ಯಾರೂ ಕಂಡಿರಲಿಲ್ಲ.

"ಅರ್ಧಾ ಯಾಕ ಹೇಳ್ತೀರಿ ಸಾಹೇಬ್ರ? ಸಂಜಿಮುಂದ ಅವರು ತಿರುಗಿ ಬಂದ್ರಲ್ಲ, ಹುಡುಗೂರು ಉಂಡಾರಲ್ಲ, ಅದೂ ಹೇಳ್ರಿ. ನೀವು ಪಾಟೀಲರ ಕೊಂಪ್ಯಾಗ ಉಂಡಿದ್ದೂ ಹೇಳ್ರಿ. ಅದಕ ಅವರ ಸೀಟಿ ಕಸಕೊಂಡಿದ್ದೂ ಹೇಳ್ರಿ."

ಸಾಹೇಬರು ಕೈ ಮುಗಿದು, "ತಾಯಿಯವರ ದುಃಖ ಬಹಳ ದೊಡ್ಡದು," ಎಂದರು. ಎಲ್ಲರೂ ತಲೆ ಆಡಿಸಿದರು. ಯಾರೋ ನನಗೆ ನೀರು ತಂದು ಕೊಟ್ಟರು. ಪಕ್ಕದವಳು ಸೆರಗು ಹಿಡಿದು ಕೂಡಿಸಿದಳು.

ನನ್ನ ದುಃಖ ನನಗೆ ಗೊತ್ತಿದೆ. ಗಂಡ ಇಲ್ಲದ್ದನ್ನು ಮರೆತು ಅವರ ಪಾಲಿನ ರೊಟ್ಟಿಯನ್ನೂ ಬಡಿದು ಬಿಡುತ್ತೇನೆ, ಆಮೇಲೆ ನೆನಪಾಗುತ್ತದೆ. ಅದು ದುಃಖ. ಸಭೆಯಲ್ಲಿ ನಾನು ಆಡಿದ್ದು ದುಃಖ ಅಲ್ಲ, ನಡೆದ ಸಂಗತಿ. ದುಃಖದ ಹೆಸರು ಹೇಳಿ ನನ್ನ ಬಾಯಿ ಮುಚ್ಚಿಸಿದರು.

ನಾಗನಾಥ ಈಗ ಉಮರ್ಗಾ ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದಾನೆ. ಆ ಸಭೆಯಲ್ಲಿ ಅವನೂ ಇದ್ದ. ಸಂಜೆ ಮನೆಗೆ ಬಂದು ಹೊಸ್ತಿಲಲ್ಲಿ ಕುಳಿತ.

"ಅವ್ವಾರ, ನನಗ ಎಲ್ಲಾ ನೆನಪದರಿ. ಆ ಭಜ್ಜಿ ರುಚಿ ಇನ್ನಾ ನಾಲಗಿ ಮ್ಯಾಲ ಅದ."

"ಮತ್ತ ಸಭಾದಾಗ ಆ ನಾಲಗಿ ಎಲ್ಲಿ ಹೋಗಿತ್ತಪ್ಪ?"

ತಲೆ ತಗ್ಗಿಸಿದ. ಅಂಗಡಿಯಿಂದ ಶಾಲೆಗೆ ಸಾಮಾನು ಹೋಗುತ್ತದೆ, ಸಾಹೇಬರ ಮುಂದೆ ಹೇಗೆ ಆಡುವುದು ಎಂದ. ಚಹಾ ಕೊಟ್ಟು ಕಳಿಸಿದೆ. ಉಂಡ ಬಾಯಿಯೇ ಹೀಗೆ ಸುಮ್ಮನಿದ್ದರೆ ಉಳಿದವರಿಗೆ ಏನು ಹೇಳುವುದು?

ಢಾಲು ಬೇಡ, ಆ ಹೆಸರು ಅಳಿಸಿರಿ ಎಂದು ಶಾಲೆಗೆ ಹೋಗಿ ಹೇಳಿದೆ. ಸಾಹೇಬರು ಮಾಡಿಸಿದ್ದು, ನಮ್ಮ ಕೈಯಲ್ಲಿ ಇಲ್ಲ ಎಂದರು. ಈ ವರ್ಷ ಮೊದಲ ಸಲ ಢಾಲಿನ ಪರೀಕ್ಷೆ. ನಿಲಂಗಾ, ಉಮರ್ಗಾ ಎರಡೂ ಕಡೆಯ ಮಕ್ಕಳು ದೇವಣಿ ದಾರಿಯಿಂದ ಉದಗೀರಕ್ಕೆ ನಡೆಯುತ್ತಾರೆ. ದಿನ ಅದೇ, ಎಳ್ಳ ಅಮಾವಾಸ್ಯೆ. ಅದೇ ದಿನ ಬೇಕು ಎಂದು ಸಾಹೇಬರೇ ಗೊತ್ತು ಮಾಡಿದ್ದಾರೆ.

ಆಗಲಿ. ಅಪ್ಪ ಈಗ ಇಲ್ಲ. ತಮ್ಮ ಕಲ್ಯಾಣಪ್ಪನಿಗೆ ಹೇಳಿ ಕಳಿಸಿದ್ದೇನೆ. ಕೊಂಪಿ ದಾರಿಯ ಬದಿಗೇ ಆಗಬೇಕು, ಮದುವೆಯ ಹಂಡೆ ತರಬೇಕು. ಕಸ್ತೂರಬಾಯಿ, ಈ ಸಲ ರಟ್ಟೆ ಹೋದರೂ ಹೋಗಲಿ ಎಂದಿದ್ದಾಳೆ. ಅಪ್ಪ ನಿಂತಲ್ಲಿ ನಾನು ನಿಲ್ಲುತ್ತೇನೆ, ದಾರಿಯ ನಡುವೆ. ಮುಂದೆ ಯಾವ ಮಾಸ್ತರ ಸೀಟಿ ಹಿಡಿದು ಬರುತ್ತಾನೋ ಬರಲಿ. ಮನ್ಮಥಪ್ಪನ ಢಾಲು ಬೇಕೆಂದರೆ ಮನ್ಮಥಪ್ಪನ ಹಾಗೆ ನಡೆಯಿರಿ, ಹಿಂದೆ ತಿರುಗಿ ಹೊಲದೊಳಗೆ ಬನ್ನಿರಿ ಎಂದು ಆ ಮಕ್ಕಳಿಗೆ ಹೇಳುತ್ತೇನೆ. ಹಂಡೆಯ ಮುಚ್ಚಳ ನಾನೇ ತೆಗೆದು ನಿಂತಿರುತ್ತೇನೆ.